ಮಾಸ್‌ಫೆಟ್ ಯಾಕೆ ಪೂರ್ತಿ ಆನ್ ಆಗುವುದಿಲ್ಲ, ಯಾಕೆ ಆಫ್ ಕೂಡ ಆಗುವುದಿಲ್ಲ?

ಪ್ರಶ್ನೆ: ಸರ್, ಮೈಕ್ರೋಕಂಟ್ರೋಲರ್‌ನ 3.3 ವೋಲ್ಟ್ ಪಿನ್‌ಗೆ ಬಿಸಿ547 ಟ್ರಾನ್ಸಿಸ್ಟರ್ ಹಾಕಿ 12 ವೋಲ್ಟ್ ರಿಲೇ ನಡೆಸಿದೆ. ಏನೂ ತೊಂದರೆ ಆಗಲಿಲ್ಲ. ಅದೇ ಪಿನ್‌ಗೆ ಐಆರ್‌ಎಫ್540ಎನ್ ಮಾಸ್‌ಫೆಟ್ ಹಾಕಿ 12 ವೋಲ್ಟ್, 2 ಆಂಪಿಯರ್ ಎಲ್‌ಇಡಿ ಪಟ್ಟಿ ಜೋಡಿಸಿದರೆ ಪಟ್ಟಿ ಮಂಕಾಗಿ ಉರಿಯುತ್ತದೆ. ಮಾಸ್‌ಫೆಟ್ ಮುಟ್ಟಲು ಆಗದಷ್ಟು ಬಿಸಿಯಾಗುತ್ತದೆ. ಗೇಟ್‌ನ (ಮಾಸ್‌ಫೆಟ್ಟನ್ನು ಆನ್–ಆಫ್ ಮಾಡುವ ಕಾಲಿನ) ವೈರ್ ಕಿತ್ತರೂ ಪಟ್ಟಿ ಆರುವುದಿಲ್ಲ! ಡೇಟಾಶೀಟ್‌ನಲ್ಲಿ (ತಯಾರಕರು ಕೊಡುವ ವಿವರಪಟ್ಟಿಯಲ್ಲಿ) 2 ವೋಲ್ಟ್‌ಗೇ ಆನ್ ಆಗುತ್ತದೆ ಅಂತ ಇದೆಯಲ್ಲ? ಎರಡೂ ಟ್ರಾನ್ಸಿಸ್ಟರೇ ಆದರೆ ಇಷ್ಟೊಂದು ವ್ಯತ್ಯಾಸ ಯಾಕೆ? ಜೆಫೆಟ್, ಐಜಿಬಿಟಿ ತರಹದ ಬೇರೆ ಬಗೆಯ ಟ್ರಾನ್ಸಿಸ್ಟರ್‌ಗಳೆಲ್ಲ ಹೇಗೆ ಕೆಲಸ ಮಾಡುತ್ತವೆ?

ಉತ್ತರ: ನಿಮ್ಮ ಮಾಸ್‌ಫೆಟ್ ಕೆಟ್ಟಿಲ್ಲ. ಅದು ಅರ್ಧ ಆನ್ ಆಗಿ ನಿಂತಿದೆ, ಅಷ್ಟೇ. ಗೇಟ್ ವೈರ್ ಕಿತ್ತರೂ ಪಟ್ಟಿ ಆರುವುದಿಲ್ಲ ಅಂತ ಬರೆದಿದ್ದೀರಲ್ಲ, ನಿಮ್ಮ ಪ್ರಶ್ನೆಯಲ್ಲಿ ನನಗೆ ತುಂಬಾ ಹಿಡಿಸಿದ್ದು ಆ ಮಾತು. ಮಾಸ್‌ಫೆಟ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಅದರಲ್ಲೇ ಇದೆ.

ಮೊದಲು ಎಲ್ಲ ಟ್ರಾನ್ಸಿಸ್ಟರ್‌ಗೂ ಹೊಂದುವ ಒಂದು ಮಾತು. ಆಫ್ ಆಗಿರುವ ಟ್ರಾನ್ಸಿಸ್ಟರ್ ಒಳಗೆ, ಕರೆಂಟಿನ ದಾರಿಯಲ್ಲಿ, ಕರೆಂಟ್ ಹೊರುವ ಚಾರ್ಜ್‌ಗಳೇ ಇಲ್ಲದ ಒಂದು ಖಾಲಿ ಜಾಗ ಇರುತ್ತದೆ. 12 ವೋಲ್ಟ್ ಆಗಲಿ 600 ವೋಲ್ಟ್ ಆಗಲಿ, ಅದನ್ನು ತಡೆದು ನಿಲ್ಲಿಸುವುದು ಆ ಖಾಲಿ ಜಾಗವೇ. ಆನ್ ಮಾಡುವುದು ಅಂದರೆ ಅಲ್ಲಿಗೆ ಚಾರ್ಜ್ ತುಂಬುವುದು. ಆಫ್ ಮಾಡುವುದು ಅಂದರೆ ತುಂಬಿದ್ದನ್ನು ಮತ್ತೆ ಖಾಲಿ ಮಾಡುವುದು. ಚಾರ್ಜ್ ಎಲ್ಲಿಂದ ಬರುತ್ತದೆ, ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ನೋಡಿದರೆ ಸಾಕು, ಒಂದೊಂದು ಬಗೆಯ ಟ್ರಾನ್ಸಿಸ್ಟರಿನ ಗುಣ ಗೊತ್ತಾಗುತ್ತದೆ. ಆನ್ ಮಾಡುವುದರ ಬಗ್ಗೆ ಎಲ್ಲರೂ ಯೋಚಿಸುತ್ತಾರೆ. ನಿಜವಾಗಿ ಕಷ್ಟದ ಕೆಲಸ ಆಫ್ ಮಾಡುವುದು.

ಬಿಸಿ ಯಾಕೆ ಅನ್ನುವುದಕ್ಕೆ ಒಂದು ಚಿಕ್ಕ ಲೆಕ್ಕ. 12 ವೋಲ್ಟ್ ಸಪ್ಲೈ, 6 ಓಮ್ ಲೋಡ್ ಅಂದುಕೊಳ್ಳಿ. ಟ್ರಾನ್ಸಿಸ್ಟರ್ ಪೂರ್ತಿ ಆಫ್ ಇದ್ದಾಗ ಅದರ ಮೇಲೆ 12 ವೋಲ್ಟ್ ಇದೆ, ಆದರೆ ಕರೆಂಟ್ ಇಲ್ಲ. ಪೂರ್ತಿ ಆನ್ ಇದ್ದಾಗ 2 ಆಂಪಿಯರ್ ಹರಿಯುತ್ತದೆ, ಆದರೆ ಅದರ ಮೇಲೆ ವೋಲ್ಟೇಜ್ ಹೆಚ್ಚುಕಮ್ಮಿ ಇಲ್ಲ. ಎರಡು ಕಡೆಯೂ ಗುಣಾಕಾರ ಮಾಡಿದರೆ ಬರುವ ಶಾಖ ಚಿಕ್ಕದು. ನಡುವೆ ನಿಂತರೆ ಮಾತ್ರ ಕಷ್ಟ. 6 ವೋಲ್ಟ್ ಅದರ ಮೇಲೆ, 1 ಆಂಪಿಯರ್ ಅದರ ಒಳಗೆ, ಒಟ್ಟು 6 ವ್ಯಾಟ್. ಸ್ವಿಚ್ ಆಗಿ ಬಳಸುವ ಟ್ರಾನ್ಸಿಸ್ಟರ್ ಈ ನಡುವಿನ ಜಾಗವನ್ನು ಆದಷ್ಟು ಬೇಗ ದಾಟಬೇಕು, ಅಲ್ಲಿ ನಿಲ್ಲಬಾರದು. ನಿಮ್ಮದು ಅಲ್ಲೇ ನಿಂತಿದೆ.

ಈಗ ನಿಮ್ಮ ಬಿಸಿ547ಗೆ ಬರೋಣ. ಇದು ಬೈಪೋಲಾರ್ ಜಂಕ್ಷನ್ ಟ್ರಾನ್ಸಿಸ್ಟರ್, ಎನ್‌ಪಿಎನ್ ಬಗೆಯದು. ಎಮಿಟರ್‌ನಲ್ಲಿ ಎಲೆಕ್ಟ್ರಾನ್ ಬೇಕಾದಷ್ಟಿವೆ. ನಡುವೆ ತುಂಬಾ ತೆಳ್ಳಗಿನ ಬೇಸ್ ಪದರ, ಆಚೆ ಕಲೆಕ್ಟರ್. ಬೇಸ್ ಮತ್ತು ಎಮಿಟರ್ ನಡುವೆ 0.6ರಿಂದ 0.7 ವೋಲ್ಟ್ ಸಿಕ್ಕಿದ ಕೂಡಲೇ ಎಮಿಟರ್‌ನಿಂದ ಎಲೆಕ್ಟ್ರಾನ್‌ಗಳು ಬೇಸ್‌ಗೆ ನುಗ್ಗುತ್ತವೆ. ಬೇಸ್ ತೆಳ್ಳಗಿರುವುದರಿಂದ ಹೆಚ್ಚಿನವು ಅಲ್ಲಿ ನಿಲ್ಲದೆ ದಾಟಿ ಕಲೆಕ್ಟರ್ ಸೇರುತ್ತವೆ. ಕೆಲವು ಮಾತ್ರ ದಾರಿಯಲ್ಲಿ ಕಳೆದುಹೋಗುತ್ತವೆ. ಆ ನಷ್ಟವನ್ನು ತುಂಬಿಕೊಡುವುದೇ ಬೇಸ್ ಕರೆಂಟ್. ಅದಕ್ಕೇ ಇದನ್ನು ಆನ್ ಆಗಿ ಇಟ್ಟಿರಲು ಕರೆಂಟ್ ಕೊಡುತ್ತಲೇ ಇರಬೇಕು.

ಬಿಸಿ547ರ ಗೇನ್, ಅಂದರೆ ಬೇಸ್ ಕರೆಂಟಿನ ಎಷ್ಟು ಪಟ್ಟು ಕಲೆಕ್ಟರ್ ಕರೆಂಟ್ ಹರಿಯಬಲ್ಲದು ಅನ್ನುವುದು, 110ರಿಂದ 800ರವರೆಗೆ ಇರುತ್ತದೆ. ಸ್ವಿಚ್ ಲೆಕ್ಕಕ್ಕೆ ಆ ನಂಬರ್ ಮರೆತುಬಿಡಿ. ಕಲೆಕ್ಟರ್ ಕರೆಂಟಿನ ಹತ್ತನೇ ಒಂದು ಭಾಗ ಬೇಸ್‌ಗೆ ಕೊಡಿ. ರಿಲೇಗೆ 30 ಮಿಲಿ ಆಂಪಿಯರ್ ಬೇಕಾದರೆ ಬೇಸ್‌ಗೆ ಸುಮಾರು 3 ಮಿಲಿ ಆಂಪಿಯರ್. 3.3 ವೋಲ್ಟ್‌ನಲ್ಲಿ 0.7 ಕಳೆದರೆ 2.6 ವೋಲ್ಟ್ ಉಳಿಯಿತು. 1 ಕಿಲೋ ಓಮ್ ರೆಸಿಸ್ಟರ್ ಹಾಕಿದರೆ 2.6 ಮಿಲಿ ಆಂಪಿಯರ್, ಸಾಕು. ಹೀಗೆ ಅಗತ್ಯಕ್ಕಿಂತ ಜಾಸ್ತಿ ಬೇಸ್ ಕರೆಂಟ್ ಕೊಟ್ಟಾಗ ಟ್ರಾನ್ಸಿಸ್ಟರ್ ಸ್ಯಾಚುರೇಶನ್‌ಗೆ ಹೋಗುತ್ತದೆ. ಕಲೆಕ್ಟರ್ ಮತ್ತು ಎಮಿಟರ್ ನಡುವೆ 0.2 ವೋಲ್ಟ್ ಅಥವಾ ಇನ್ನೂ ಕಡಿಮೆ ಉಳಿಯುತ್ತದೆ. 3.3 ವೋಲ್ಟ್ ಪಿನ್ ಇದಕ್ಕೆ ಧಾರಾಳ. ನಿಮ್ಮ ರಿಲೇ ತಕರಾರಿಲ್ಲದೆ ನಡೆದದ್ದು ಇದಕ್ಕೇ.

ಆದರೆ ಸ್ಯಾಚುರೇಶನ್‌ಗೆ ಒಂದು ಬೆಲೆ ಇದೆ. ಬೇಸ್ ಒಳಗೆ ಬೇಕಾದ್ದಕ್ಕಿಂತ ಜಾಸ್ತಿ ಚಾರ್ಜ್ ಕೂಡಿರುತ್ತದೆ. ಸಭಾಂಗಣದ ಬಾಗಿಲು ಹಾಕಿದರೆ ಹೊಸಬರು ಬರುವುದು ನಿಲ್ಲುತ್ತದೆ, ಆದರೆ ಒಳಗೆ ಇದ್ದವರು ಎದ್ದು ಹೋಗುವವರೆಗೆ ಸಭೆ ಖಾಲಿ ಆಗುವುದಿಲ್ಲ. ಇಲ್ಲೂ ಹಾಗೆಯೇ. ಬೇಸ್ ಕರೆಂಟ್ ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಕಲೆಕ್ಟರ್ ಕರೆಂಟ್ ಏನೂ ಆಗದ ಹಾಗೆ ಹರಿಯುತ್ತಲೇ ಇರುತ್ತದೆ. ಇದಕ್ಕೆ ಸ್ಟೋರೇಜ್ ಟೈಮ್ ಅನ್ನುತ್ತಾರೆ. 2ಎನ್2222ಎ ಡೇಟಾಶೀಟ್ ತೆಗೆದು ನೋಡಿ. ಆನ್ ಆಗುವಾಗ ಡಿಲೇ 10 ನ್ಯಾನೋಸೆಕೆಂಡ್, ರೈಸ್ 25 ನ್ಯಾನೋಸೆಕೆಂಡ್. ಒಟ್ಟು 35. ಆಫ್ ಆಗುವಾಗ ಸ್ಟೋರೇಜ್ ಒಂದೇ 225 ನ್ಯಾನೋಸೆಕೆಂಡ್, ಅದರ ಮೇಲೆ ಫಾಲ್ 60. ಒಟ್ಟು 285! ಅದೂ ಆಫ್ ಮಾಡುವಾಗ ಬೇಸ್‌ನಿಂದ 15 ಮಿಲಿ ಆಂಪಿಯರ್ ಹೊರಗೆ ಎಳೆದರೆ ಮಾತ್ರ. ಸುಮ್ನೆ ಬೇಸ್ ವೈರ್ ಬಿಟ್ಟುಬಿಟ್ಟರೆ ಇನ್ನೂ ತಡ.

ರಿಲೇಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ವೇಗದ ಸರ್ಕ್ಯೂಟ್‌ಗಳಲ್ಲಿ ಬರುತ್ತದೆ. ಅಲ್ಲಿ ಬೇಸ್ ಮತ್ತು ಕಲೆಕ್ಟರ್ ನಡುವೆ ಒಂದು ಶಾಟ್‌ಕಿ ಡಯೋಡ್ (ಕಡಿಮೆ ವೋಲ್ಟೇಜ್‌ಗೇ ಕರೆಂಟ್ ಬಿಡುವ ಡಯೋಡ್) ಹಾಕುತ್ತಾರೆ. ಜಾಸ್ತಿಯಾದ ಬೇಸ್ ಕರೆಂಟ್ ಆ ಡಯೋಡ್ ಮೂಲಕ ಪಕ್ಕಕ್ಕೆ ಹೋಗುತ್ತದೆ. ಟ್ರಾನ್ಸಿಸ್ಟರ್ ಆಳವಾದ ಸ್ಯಾಚುರೇಶನ್‌ಗೆ ಇಳಿಯುವುದೇ ಇಲ್ಲ, ಹಾಗಾಗಿ ಖಾಲಿ ಮಾಡಬೇಕಾದ ಚಾರ್ಜೂ ಕಡಿಮೆ. ಹಳೆಯ 74ಎಸ್, 74ಎಲ್‌ಎಸ್ ಲಾಜಿಕ್ ಚಿಪ್‌ಗಳು ವೇಗ ಪಡೆದದ್ದು ಈ ಉಪಾಯದಿಂದ.

ಟಿಐಪಿ122 ತರಹದ ಡಾರ್ಲಿಂಗ್ಟನ್ ಬಗ್ಗೆ ಎರಡೇ ಮಾತು. ಒಂದು ಟ್ರಾನ್ಸಿಸ್ಟರ್ ಇನ್ನೊಂದರ ಬೇಸ್‌ಗೆ ಕರೆಂಟ್ ಕೊಡುತ್ತದೆ, ಅದರಿಂದ ಗೇನ್ ಸಾವಿರಕ್ಕೂ ಜಾಸ್ತಿ. ಆದರೆ ಪೂರ್ತಿ ಆನ್ ಆದಾಗಲೂ 3 ಆಂಪಿಯರ್‌ಗೆ 2 ವೋಲ್ಟ್‌ವರೆಗೆ ತನ್ನ ಮೇಲೇ ಉಳಿಸಿಕೊಳ್ಳಬಹುದು. ಅಂದರೆ 6 ವ್ಯಾಟ್ ಸುಮ್ಮನೆ ಶಾಖವಾಗಿ ಹೋಯಿತು. ಹೊಸ ಸರ್ಕ್ಯೂಟ್‌ಗೆ ಅದನ್ನು ಆರಿಸಲು ನನಗೆ ಕಾರಣ ಕಾಣುವುದಿಲ್ಲ.

ಇನ್ನು ಮಾಸ್‌ಫೆಟ್. ಇದಕ್ಕೆ ಮೂರು ಕಾಲು. ಕರೆಂಟ್ ಹರಿಯುವುದು ಸೋರ್ಸ್ ಮತ್ತು ಡ್ರೈನ್ ನಡುವೆ, ಅದನ್ನು ಹಿಡಿತದಲ್ಲಿಡುವುದು ಗೇಟ್. ಇಲ್ಲಿ ಗೇಟ್‌ಗೂ ಸಿಲಿಕಾನ್‌ಗೂ ನಡುವೆ ಸಿಲಿಕಾನ್ ಡೈಆಕ್ಸೈಡ್‌ನ ತೆಳ್ಳಗಿನ ಪದರ ಇರುತ್ತದೆ. ಅದು ಗಾಜಿನಂಥ ಇನ್ಸುಲೇಟರ್. ಗೇಟ್‌ನಿಂದ ಕರೆಂಟ್ ಒಳಗೆ ಹೋಗಲು ದಾರಿಯೇ ಇಲ್ಲ. ಆದರೆ ಗೇಟ್ ಮೇಲೆ ಪಾಸಿಟಿವ್ ಚಾರ್ಜ್ ಕೂಡಿಸಿದರೆ ಅದರ ಸೆಳೆತ ಪದರದ ಆಚೆಗೂ ತಲುಪುತ್ತದೆ. ಸೋರ್ಸ್‌ನಿಂದ ಎಲೆಕ್ಟ್ರಾನ್‌ಗಳು ಬಂದು ಪದರದ ಕೆಳಗೆ ಸೇರುತ್ತವೆ. ಸೋರ್ಸ್‌ನಿಂದ ಡ್ರೈನ್‌ಗೆ ಒಂದು ದಾರಿ ಆಗುತ್ತದೆ. ಅದೇ ಚಾನೆಲ್.

ಈ ಯೋಚನೆ ಬೈಪೋಲಾರ್‌ಗಿಂತ ಹಳೆಯದು ಅನ್ನುವುದು ನನಗೆ ಇವತ್ತಿಗೂ ಸೋಜಿಗ. ಜೂಲಿಯಸ್ ಲಿಲಿಯನ್‌ಫೆಲ್ಡ್ 1925ರಲ್ಲೇ ಇಂಥ ಸಾಧನಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದರು. ಆದರೆ ಅರೆವಾಹಕದ ಮೇಲ್ಮೈಯಲ್ಲೇ ಎಲೆಕ್ಟ್ರಾನ್‌ಗಳು ಸಿಕ್ಕಿಬೀಳುತ್ತಿದ್ದವು, ಗೇಟ್‌ನ ಸೆಳೆತ ಒಳಗೆ ಮುಟ್ಟುತ್ತಿರಲಿಲ್ಲ. 1947ರ ಡಿಸೆಂಬರ್‌ನಲ್ಲಿ ಬೆಲ್ ಲ್ಯಾಬ್ಸ್‌ನ ಬಾರ್ಡೀನ್ ಮತ್ತು ಬ್ರಾಟನ್ ಮಾಡಿದ ಟ್ರಾನ್ಸಿಸ್ಟರ್ ಬೈಪೋಲಾರ್ ದಾರಿ ಹಿಡಿಯಿತು. ಅಲ್ಲೇ ಮೊಹಮ್ಮದ್ ಅಟಾಲ್ಲ ಸಿಲಿಕಾನ್ ಮೇಲೆ ಆಕ್ಸೈಡ್ ಬೆಳೆಸಿ ಮೇಲ್ಮೈಯ ತೊಂದರೆ ತಗ್ಗಿಸಿದರು. ಅವರೂ ಡಾವೊನ್ ಕಾಂಗ್ ಅವರೂ ಸೇರಿ 1959ರಲ್ಲಿ ಮಾಸ್‌ಫೆಟ್ ಮಾಡಿದರು.

ಗೇಟ್, ಇನ್ಸುಲೇಟರ್, ಕೆಳಗೆ ಸಿಲಿಕಾನ್. ಇದು ಕೆಪಾಸಿಟರ್ ಅಲ್ವಾ? ಹೌದು. ಕೆಪಾಸಿಟರ್‌ನಲ್ಲಿ ಇಟ್ಟ ಚಾರ್ಜ್ ಹೋಗಲು ದಾರಿ ಇಲ್ಲದಿದ್ದರೆ ಅಲ್ಲೇ ಇರುತ್ತದೆ. ನೀವು ವೈರ್ ಕಿತ್ತಾಗ ಗೇಟ್ ಮೇಲಿದ್ದ 3.3 ವೋಲ್ಟ್ ಹಾಗೆಯೇ ಉಳಿಯಿತು. ಪಟ್ಟಿ ಆರದಿದ್ದುದು ಅದಕ್ಕೇ. ಗೇಟ್ ಮತ್ತು ಸೋರ್ಸ್ ಕಾಲುಗಳ ನಡುವೆ ಒಂದು 10 ಕಿಲೋ ಓಮ್ ರೆಸಿಸ್ಟರ್ ಹಾಕಿ. ವೈರ್ ಕಿತ್ತ ಕೂಡಲೇ ಪಟ್ಟಿ ಆರುತ್ತದೆ. ಈ ರೆಸಿಸ್ಟರ್ ಯಾವಾಗಲೂ ಇರಲಿ. ಮೈಕ್ರೋಕಂಟ್ರೋಲರ್ ಶುರುವಾಗುವಾಗ ಪಿನ್ ಸ್ವಲ್ಪ ಹೊತ್ತು ಎಲ್ಲಿಗೂ ಸೇರದ ಹಾಗೆ ಇರುತ್ತದೆ. ಆಗ ಗೇಟನ್ನು ಸೊನ್ನೆಯಲ್ಲಿ ಹಿಡಿದಿಡುವುದು ಇದೇ.

ಇನ್ನು ಆ 2 ವೋಲ್ಟ್ ಪ್ರಶ್ನೆ. ಐಆರ್‌ಎಫ್540ಎನ್ ಡೇಟಾಶೀಟ್‌ನಲ್ಲಿ ಥ್ರೆಶೋಲ್ಡ್ ವೋಲ್ಟೇಜ್ ಅನ್ನುವ ಸಾಲು ಹುಡುಕಿ. ಕನಿಷ್ಠ 2, ಗರಿಷ್ಠ 4 ವೋಲ್ಟ್ ಅಂತ ಇದೆ. ಅದೇ ಸಾಲಿನಲ್ಲಿ ಎಷ್ಟು ಕರೆಂಟ್‌ಗೆ ಅಳೆದದ್ದು ಅಂತಲೂ ಇದೆ, ಅದನ್ನು ಓದಿ. 250 ಮೈಕ್ರೋ ಆಂಪಿಯರ್! ನಿಮಗೆ ಬೇಕಾದ 2 ಆಂಪಿಯರ್‌ನ ಎಂಟು ಸಾವಿರದಲ್ಲಿ ಒಂದು ಭಾಗ. ಥ್ರೆಶೋಲ್ಡ್ ಅಂದರೆ ಚಾನೆಲ್ ಆಗಷ್ಟೇ ಶುರುವಾಗುವ ವೋಲ್ಟೇಜ್. ಆನ್ ಆಗಲು ಸಾಕಾಗುವ ವೋಲ್ಟೇಜ್ ಅಲ್ಲ. ನಿಮ್ಮ ಕೈಯಲ್ಲಿರುವ ತುಂಡಿನ ಥ್ರೆಶೋಲ್ಡ್ 3.5 ವೋಲ್ಟ್ ಆಗಿದ್ದರೆ 3.3 ವೋಲ್ಟ್‌ಗೆ ಪಟ್ಟಿ ಉರಿಯುವುದೇ ಇಲ್ಲ. ನಿಮಗೆ ಮಂಕಾದರೂ ಬೆಳಕು ಬಂತು, ಅಂದರೆ ನಿಮ್ಮದು ಕೆಳಗಿನ ತುದಿಗೆ ಹತ್ತಿರದ್ದು.

ನೋಡಬೇಕಾದ ಸಾಲು ಆನ್ ರೆಸಿಸ್ಟೆನ್ಸ್. ಅಲ್ಲಿ 44 ಮಿಲಿ ಓಮ್ ಅಂತ ಇದೆ, ಪಕ್ಕದಲ್ಲಿ ಗೇಟ್ ವೋಲ್ಟೇಜ್ 10 ಅಂತ ಇದೆ. 10 ವೋಲ್ಟ್ ಕೊಟ್ಟರೆ ಮಾತ್ರ ಆ ಭರವಸೆ. ಆಗ 2 ಆಂಪಿಯರ್‌ಗೆ ಶಾಖ 0.18 ವ್ಯಾಟ್ ಆಸುಪಾಸು, ಕೈಗೆ ಗೊತ್ತೇ ಆಗುವುದಿಲ್ಲ. ಈಗ ನಿಮ್ಮ ಸ್ಥಿತಿ ನೋಡಿ. ಮಾಸ್‌ಫೆಟ್ ತನ್ನ ಮೇಲೆ 2 ವೋಲ್ಟ್ ಉಳಿಸಿಕೊಂಡು 1 ಆಂಪಿಯರ್ ಬಿಡುತ್ತಿದೆ ಅಂದುಕೊಂಡರೂ 2 ವ್ಯಾಟ್ ಆಯಿತು. ಹೀಟ್‌ಸಿಂಕ್ ಇಲ್ಲದ ಈ ಪ್ಯಾಕೇಜ್ ಒಂದು ವ್ಯಾಟ್‌ಗೆ ಸುಮಾರು 62 ಡಿಗ್ರಿ ಏರುತ್ತದೆ. ಕೋಣೆಯ ಬಿಸಿಯ ಮೇಲೆ ಇನ್ನೂ 124 ಡಿಗ್ರಿ. ಮುಟ್ಟಲು ಆಗದಿರುವುದು ಸಹಜವೇ. ಹೀಟ್‌ಸಿಂಕ್ ಹಾಕಿ ಇದನ್ನು ಸರಿಮಾಡಲು ಹೋಗಬೇಡಿ, ಅದು ರೋಗ ಬಿಟ್ಟು ಜ್ವರಕ್ಕೆ ಮದ್ದು ಕೊಟ್ಟ ಹಾಗೆ.

ಸರಿಮಾಡಲು ಎರಡು ದಾರಿ ಇವೆ. ಕಡಿಮೆ ಗೇಟ್ ವೋಲ್ಟೇಜ್‌ಗೆ ಅಂತಲೇ ಮಾಡಿದ ಮಾಸ್‌ಫೆಟ್ ಹಾಕಿ. ಎಓ3400ಎ ಅನ್ನುವ ಚಿಕ್ಕ ತುಂಡು 2.5 ವೋಲ್ಟ್ ಗೇಟ್‌ಗೇ 50 ಮಿಲಿ ಓಮ್‌ಗಿಂತ ಕಡಿಮೆ ಎಂದು ಡೇಟಾಶೀಟ್ ಹೇಳುತ್ತದೆ. ನಿಮ್ಮ 2 ಆಂಪಿಯರ್‌ಗೆ ಅದು ಸಾಕು. ‘ಲಾಜಿಕ್ ಲೆವೆಲ್’ ಅನ್ನುವ ಹೆಸರನ್ನು ಮಾತ್ರ ನಂಬಬೇಡಿ. ಐಆರ್‌ಎಲ್‌ಝಡ್44ಎನ್ ಲಾಜಿಕ್ ಲೆವೆಲ್ ಹೌದು, ಆದರೆ ಅದರ ಡೇಟಾಶೀಟ್ ಆನ್ ರೆಸಿಸ್ಟೆನ್ಸ್ ಹೇಳುವುದು 10, 5 ಮತ್ತು 4 ವೋಲ್ಟ್‌ಗೆ. 3.3ಕ್ಕೆ ಅಲ್ಲ. ಇನ್ನೊಂದು ದಾರಿ, ಈಗಿರುವ ಮಾಸ್‌ಫೆಟ್ ಇಟ್ಟುಕೊಂಡು ನಡುವೆ ಒಂದು ಗೇಟ್ ಡ್ರೈವರ್ ಚಿಪ್ ಹಾಕಿ ಗೇಟ್‌ಗೆ 12 ವೋಲ್ಟ್ ಕೊಡುವುದು. ಬದಲಾಯಿಸಿದ ಮೇಲೆ ಪಟ್ಟಿ ಉರಿಯುವಾಗ ಮಲ್ಟಿಮೀಟರ್‌ನಲ್ಲಿ ಡ್ರೈನ್ ಮತ್ತು ಸೋರ್ಸ್ ನಡುವೆ ಅಳೆಯಿರಿ. 0.1 ವೋಲ್ಟ್ ಹತ್ತಿರ ಬಂದರೆ ಅದು ಪೂರ್ತಿ ಆನ್. 1 ವೋಲ್ಟ್ ದಾಟಿದರೆ ಇನ್ನೂ ಅರ್ಧದಲ್ಲೇ ಇದೆ.

ಗೇಟ್‌ಗೆ ಕರೆಂಟ್ ಬೇಡ ಅಂದೆ. ನಿಂತ ಸ್ಥಿತಿಯಲ್ಲಿ ಬೇಡ, ನಿಜ. ಬದಲಾಗುವಾಗ ಬೇಕು, ಕೆಲವೊಮ್ಮೆ ಜಾಸ್ತಿಯೇ ಬೇಕು. ಐಆರ್‌ಎಫ್540ಎನ್ ಗೇಟನ್ನು 10 ವೋಲ್ಟ್‌ಗೆ ತರಲು 71 ನ್ಯಾನೋಕೂಲಂಬ್‌ವರೆಗೆ ಚಾರ್ಜ್ ಬೇಕಾಗಬಹುದು. 20 ಮಿಲಿ ಆಂಪಿಯರ್ ಕೊಡುವ ಮೂಲದಿಂದ ತುಂಬಿಸಿದರೆ 3.5 ಮೈಕ್ರೋಸೆಕೆಂಡ್ ಹಿಡಿಯುತ್ತದೆ. ದಿನಕ್ಕೆ ನಾಲ್ಕು ಸಲ ಆನ್ ಮಾಡುವ ದೀಪಕ್ಕೆ ಇದು ಏನೂ ಅಲ್ಲ. ಬೆಳಕು ಏರಿಸಿ ಇಳಿಸಲು ಸೆಕೆಂಡಿಗೆ 20,000 ಸಲ ಆನ್–ಆಫ್ ಮಾಡಿದರೆ ಒಂದು ಸುತ್ತಿಗೆ ಇರುವುದೇ 50 ಮೈಕ್ರೋಸೆಕೆಂಡ್. ಏರಲು 3.5, ಇಳಿಯಲು 3.5. ಒಟ್ಟು ಸಮಯದ ಏಳನೇ ಒಂದು ಭಾಗ ಗೇಟ್ ಬದಲಾಗುವುದರಲ್ಲೇ ಹೋಯಿತು. ಗೇಟ್ ಡ್ರೈವರ್ ಚಿಪ್‌ಗಳು ಒಂದೆರಡು ಆಂಪಿಯರ್ ಕೊಡುವ ಹಾಗೆ ಇರುವುದು ಇದಕ್ಕೇ.

ಆಸಿಲೋಸ್ಕೋಪ್ ಸಿಕ್ಕಿದರೆ ಗೇಟ್ ವೋಲ್ಟೇಜ್ ಏರುವುದನ್ನು ಒಮ್ಮೆ ನೋಡಿ. ಅದು ಒಂದೇ ಸಮ ಏರುವುದಿಲ್ಲ. ಥ್ರೆಶೋಲ್ಡ್ ದಾಟಿ ಸ್ವಲ್ಪ ಮೇಲೆ ಹೋಗಿ ಅಲ್ಲೇ ಮಟ್ಟವಾಗಿ ನಿಲ್ಲುತ್ತದೆ. ಆಮೇಲೆ ಮತ್ತೆ ಏರುತ್ತದೆ. ಆ ಮಟ್ಟದ ಭಾಗಕ್ಕೆ ಮಿಲ್ಲರ್ ಪ್ಲಾಟೋ ಅಂತ ಹೆಸರು. ಅಷ್ಟು ಹೊತ್ತು ಡ್ರೈನ್ ವೋಲ್ಟೇಜ್ 12ರಿಂದ ಸೊನ್ನೆಯ ಕಡೆಗೆ ಬೀಳುತ್ತಿರುತ್ತದೆ. ಗೇಟ್ ಮತ್ತು ಡ್ರೈನ್ ನಡುವಿನ ಚಿಕ್ಕ ಕೆಪಾಸಿಟೆನ್ಸ್ ಆಗ ನೀವು ಕೊಟ್ಟ ಚಾರ್ಜನ್ನೆಲ್ಲ ನುಂಗುತ್ತದೆ, ಗೇಟ್ ಮೇಲೇರಲು ಏನೂ ಉಳಿಯುವುದಿಲ್ಲ. ಶಾಖದ ದೊಡ್ಡ ಪಾಲು ಹುಟ್ಟುವುದು ಇಲ್ಲೇ. ಹಾಗಾಗಿ ಇದನ್ನು ಬೇಗ ದಾಟಿಸುವುದು ಮುಖ್ಯ.

ಮಾಸ್‌ಫೆಟ್‌ನ ದೊಡ್ಡ ಗುಣ ಆಫ್ ಆಗುವುದರಲ್ಲಿದೆ. ಗೇಟ್ ಖಾಲಿ ಮಾಡಿದರೆ ಚಾನೆಲ್ ಇಲ್ಲವಾಗುತ್ತದೆ. ಬೈಪೋಲಾರ್‌ನ ಹಾಗೆ ಒಳಗೆ ಕೂಡಿಟ್ಟ ಚಾರ್ಜ್ ತಾನಾಗಿ ಕರಗಲಿ ಅಂತ ಕಾಯಬೇಕಿಲ್ಲ. ಎಷ್ಟು ಬೇಗ ಗೇಟ್ ಖಾಲಿ ಮಾಡುತ್ತೀರೋ ಅಷ್ಟು ಬೇಗ ಅದು ಆಫ್.

ಈವರೆಗೆ ಹೇಳಿದ್ದು ಎನ್-ಚಾನೆಲ್ ಬಗೆಯದು. ಪಿ-ಚಾನೆಲ್ ಮಾಸ್‌ಫೆಟ್‌ನಲ್ಲಿ ಎಲ್ಲ ತಿರುವುಮುರುವು. ಗೇಟ್ ವೋಲ್ಟೇಜ್ ಸೋರ್ಸ್‌ಗಿಂತ ಕೆಳಗೆ ಇಳಿದರೆ ಆನ್. ಲೋಡ್‌ನ ಪಾಸಿಟಿವ್ ಕಡೆ ಸ್ವಿಚ್ ಬೇಕಾದಾಗ ಇದನ್ನು ಬಳಸುತ್ತಾರೆ. ಒಂದು ಎಚ್ಚರಿಕೆ: ಸೋರ್ಸ್ 12 ವೋಲ್ಟ್‌ನಲ್ಲಿದ್ದರೆ 3.3 ವೋಲ್ಟ್ ಪಿನ್ ಅದನ್ನು ಆಫ್ ಮಾಡಲಾರದು. ಪಿನ್ ಹೈ ಆದಾಗಲೂ ಗೇಟ್ ಸೋರ್ಸ್‌ಗಿಂತ 8.7 ವೋಲ್ಟ್ ಕೆಳಗೇ ಇರುತ್ತದೆ. ನಡುವೆ ಒಂದು ಬಿಸಿ547 ಹಾಕಿ ಗೇಟನ್ನು ನೆಲಕ್ಕೆ ಎಳೆಯಬೇಕು, ಬಿಟ್ಟಾಗ ರೆಸಿಸ್ಟರ್ ಅದನ್ನು 12ಕ್ಕೆ ಎತ್ತಬೇಕು.

ಜೆಫೆಟ್ ಉಲ್ಟಾ ಸ್ವಭಾವದ್ದು. ಅದರ ಚಾನೆಲ್‌ನಲ್ಲಿ ಚಾರ್ಜ್ ಮೊದಲೇ ತುಂಬಿರುತ್ತದೆ, ಹಾಗಾಗಿ ಏನೂ ಕೊಡದಿದ್ದರೆ ಆನ್. ಎನ್-ಚಾನೆಲ್ ಆದರೆ ಗೇಟ್‌ಗೆ ಸೋರ್ಸ್‌ಗಿಂತ ಕೆಳಗಿನ ವೋಲ್ಟೇಜ್ ಕೊಡಬೇಕು. ಆಗ ಗೇಟ್ ಜಂಕ್ಷನ್ ಸುತ್ತ ಖಾಲಿ ಜಾಗ ಬೆಳೆದು ಚಾನೆಲನ್ನು ಹಿಚುಕಿ ಮುಚ್ಚುತ್ತದೆ. ಆಡಿಯೋ ಮ್ಯೂಟ್ ತರಹದ ಸಣ್ಣ ಸಿಗ್ನಲ್ ಕೆಲಸಕ್ಕೆ ಚೆನ್ನ. ನಿಮ್ಮ ಪಟ್ಟಿಗೆ ಬೇಡ.

ಐಜಿಬಿಟಿ ಅರ್ಥವಾಗಬೇಕಾದರೆ ಮಾಸ್‌ಫೆಟ್‌ನ ಒಂದು ದೌರ್ಬಲ್ಯ ಗೊತ್ತಿರಬೇಕು. ಜಾಸ್ತಿ ವೋಲ್ಟೇಜ್ ತಡೆಯಲು ಒಳಗಿನ ಖಾಲಿಯಾಗುವ ಪದರ ದಪ್ಪಗಿರಬೇಕು, ಅದರಲ್ಲಿ ಚಾರ್ಜ್ ಕಡಿಮೆ ಇರಬೇಕು. ಆನ್ ಆದಾಗ ಕರೆಂಟ್ ಅದೇ ಪದರದ ಮೂಲಕ ಹೋಗಬೇಕು. ಸಾಧಾರಣ ಸಿಲಿಕಾನ್ ಮಾಸ್‌ಫೆಟ್‌ನಲ್ಲಿ ತಡೆಯುವ ವೋಲ್ಟೇಜ್ ಎರಡು ಪಟ್ಟು ಆದರೆ ಆ ಪದರದ ರೆಸಿಸ್ಟೆನ್ಸ್ ಐದು ಪಟ್ಟಿಗೂ ಜಾಸ್ತಿ ಆಗುತ್ತದೆ. ಐಜಿಬಿಟಿಯಲ್ಲಿ ಮೇಲೆ ಮಾಸ್‌ಫೆಟ್‌ನಂಥ ಗೇಟ್, ಕೆಳಗೆ ಒಂದು ಪಿ ಪದರ. ಆನ್ ಆದಾಗ ಆ ಪಿ ಪದರ ದಪ್ಪ ಪದರದೊಳಗೆ ಹೋಲ್‌ಗಳನ್ನು (ಎಲೆಕ್ಟ್ರಾನ್ ಇಲ್ಲದ, ಪಾಸಿಟಿವ್ ಚಾರ್ಜ್‌ನಂತೆ ಓಡಾಡುವ ಖಾಲಿ ಸ್ಥಾನಗಳನ್ನು) ತುಂಬುತ್ತದೆ. ಬಡವಾಗಿದ್ದ ಪದರ ಚಾರ್ಜ್‌ನಿಂದ ತುಂಬಿ ಸಲೀಸಾಗಿ ಕರೆಂಟ್ ಬಿಡುತ್ತದೆ. ಜನರಲ್ ಎಲೆಕ್ಟ್ರಿಕ್‌ನಲ್ಲಿದ್ದ ಜಯಂತ್ ಬಾಳಿಗ ಅವರು 1980ರ ದಶಕದ ಶುರುವಿನಲ್ಲಿ ಇದನ್ನು ಬಳಕೆಗೆ ತಂದವರಲ್ಲಿ ಪ್ರಮುಖರು. ರೈಲು ಎಂಜಿನ್, ಇಂಡಕ್ಷನ್ ಒಲೆ, ಎಲೆಕ್ಟ್ರಿಕ್ ಕಾರಿನ ಇನ್ವರ್ಟರ್, ಎಲ್ಲ ಕಡೆಯೂ ಇದು ದುಡಿಯುತ್ತದೆ.

ತುಂಬಿದ್ದನ್ನು ಖಾಲಿ ಮಾಡಬೇಕಲ್ಲ, ಕಷ್ಟ ಅಲ್ಲಿ. ಗೇಟ್ ಆಫ್ ಮಾಡಿದ ಕೂಡಲೇ ಕರೆಂಟ್ ಹೆಚ್ಚಿನ ಪಾಲು ಬೀಳುತ್ತದೆ. ಆದರೆ ಸ್ವಲ್ಪ ಬಾಲದ ಹಾಗೆ ಎಳೆದುಕೊಂಡು ಹೋಗುತ್ತದೆ. ಒಳಗೆ ಸಿಕ್ಕಿಕೊಂಡ ಹೋಲ್‌ಗಳನ್ನು ಗೇಟ್‌ನಿಂದ ಹೊರಗೆ ಎಳೆಯಲು ಆಗುವುದಿಲ್ಲ. ಅವು ತಾವಾಗಿಯೇ ಎಲೆಕ್ಟ್ರಾನ್ ಜೊತೆ ಸೇರಿ ಮುಗಿಯಬೇಕು. ಅಷ್ಟರಲ್ಲಿ ಪೂರ್ತಿ ವೋಲ್ಟೇಜ್ ಮೇಲೆ ಬಂದಿರುತ್ತದೆ, ಹಾಗಾಗಿ ಶಾಖ. ದೊಡ್ಡ ಐಜಿಬಿಟಿಗಳು ಸೆಕೆಂಡಿಗೆ ಕೆಲವೇ ಸಾವಿರ ಸಲ ಆನ್–ಆಫ್ ಆಗುವುದಕ್ಕೆ ಇದು ಮುಖ್ಯ ಕಾರಣ. ಆನ್ ಆದಾಗಲೂ 1.5ರಿಂದ 2 ವೋಲ್ಟ್ ಉಳಿಸಿಕೊಳ್ಳುವುದರಿಂದ 12 ವೋಲ್ಟ್ ಕೆಲಸಕ್ಕೆ ಅದು ಹೊಂದುವುದಿಲ್ಲ.

ಸಿಲಿಕಾನ್ ಕಾರ್ಬೈಡ್ ಮತ್ತು ಗ್ಯಾಲಿಯಂ ನೈಟ್ರೈಡ್ ಈ ಪೇಚಿನಿಂದ ಹೊರಗೆ ಬರುವ ದಾರಿ. ಅವು ಒಡೆಯದೆ ತಡೆದುಕೊಳ್ಳುವ ವಿದ್ಯುತ್ ಕ್ಷೇತ್ರ ಸಿಲಿಕಾನ್‌ನ ಸುಮಾರು ಹತ್ತು ಪಟ್ಟು. ಹಾಗಾಗಿ ಅದೇ 1200 ವೋಲ್ಟ್ ತಡೆಯಲು ತೆಳ್ಳಗಿನ ಪದರ ಸಾಕು, ಹೋಲ್ ತುಂಬುವ ಗೋಜೇ ಇಲ್ಲ. ಗ್ಯಾಲಿಯಂ ನೈಟ್ರೈಡ್‌ನಲ್ಲಿ ಎರಡು ಪದಾರ್ಥ ಸೇರುವ ಗಡಿಯಲ್ಲಿ ಎಲೆಕ್ಟ್ರಾನ್‌ಗಳು ತಾವಾಗಿಯೇ ಹಾಳೆಯಂತೆ ಹರಡಿರುತ್ತವೆ. ಅಂದರೆ ಸಹಜವಾಗಿ ಅದು ಜೆಫೆಟ್‌ನ ಹಾಗೆ ಆನ್. ಗೇಟ್ ಕೆಳಗೆ ಒಂದು ಪಿ ಪದರ ಇಟ್ಟು ಅದನ್ನು ಆಫ್ ಇರುವಂತೆ ಮಾಡುತ್ತಾರೆ. ಚಿಕ್ಕ ಗಾತ್ರದ ಫೋನ್ ಚಾರ್ಜರ್‌ಗಳ ಒಳಗೆ ಇರುವುದು ಹೆಚ್ಚಾಗಿ ಇದೇ.

ಕೊನೆಗೆ, ನೀವು ಕೇಳದ ಒಂದು ವಿಷಯ. ನಿಮ್ಮ ರಿಲೇ ಕಾಯಿಲ್‌ಗೆ ಡಯೋಡ್ ಹಾಕಿದ್ದೀರಾ? ಟ್ರಾನ್ಸಿಸ್ಟರ್ ಆಫ್ ಆದರೂ ಕಾಯಿಲ್‌ನ ಕರೆಂಟ್ ಥಟ್ಟನೆ ನಿಲ್ಲುವುದಿಲ್ಲ. ದಾರಿ ಸಿಗುವವರೆಗೆ ವೋಲ್ಟೇಜ್ ಏರುತ್ತಲೇ ಹೋಗುತ್ತದೆ. ಬಿಸಿ547 ತಡೆಯುವುದು 45 ವೋಲ್ಟ್, ಕಾಯಿಲ್ ಅದನ್ನು ಸುಲಭವಾಗಿ ದಾಟುತ್ತದೆ. ಈವರೆಗೆ ಉಳಿದುಕೊಂಡಿದ್ದರೂ ಪ್ರತಿ ಸಲ ಪೆಟ್ಟು ತಿನ್ನುತ್ತಿರುತ್ತದೆ. ಒಂದು 1ಎನ್4007 ಡಯೋಡನ್ನು ಕಾಯಿಲ್‌ಗೆ ಅಡ್ಡಲಾಗಿ ಹಾಕಿ. ಗೆರೆ ಇರುವ ತುದಿ 12 ವೋಲ್ಟ್ ಕಡೆಗೆ ಇರಲಿ, ಇನ್ನೊಂದು ಕಲೆಕ್ಟರ್ ಕಡೆಗೆ. ಕರೆಂಟ್ ಅದರಲ್ಲಿ ಸುತ್ತಿ ಸುತ್ತಿ ತಣ್ಣಗಾಗುತ್ತದೆ. ಇದರಿಂದ ರಿಲೇ ಬಿಡುವುದು ಸ್ವಲ್ಪ ನಿಧಾನವಾಗುತ್ತದೆ. ಅದು ತೊಂದರೆ ಅನ್ನಿಸಿದರೆ ಡಯೋಡ್‌ಗೆ ಸಾಲಾಗಿ, ತಿರುಗಿಸಿ, ಒಂದು 12 ವೋಲ್ಟ್ ಝೀನರ್ (12 ವೋಲ್ಟ್ ತಲುಪಿದಾಗ ಹಿಮ್ಮುಖವಾಗಿಯೂ ಕರೆಂಟ್ ಬಿಡುವ ಡಯೋಡ್) ಸೇರಿಸಿ. ಆಗ ಕಲೆಕ್ಟರ್ ಸುಮಾರು 25 ವೋಲ್ಟ್‌ವರೆಗೆ ಏರಿ ನಿಲ್ಲುತ್ತದೆ, ಟ್ರಾನ್ಸಿಸ್ಟರ್‌ಗೂ ಅಪಾಯ ಇಲ್ಲ, ಕಾಯಿಲ್ ಕೂಡ ಬೇಗ ಖಾಲಿಯಾಗುತ್ತದೆ.